ಟ್ಯಾಸ್ಮೇನಿಯಾದಲ್ಲಿ ರಾತ್ರಿ ಬಸ್ ಹತ್ತಿಸುವುದಿಲ್ಲ ಏಕೆ?

ಟ್ಯಾಸ್ಮೇನಿಯಾ ಪ್ರವಾಸದ ದಿನಚರಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ನಮ್ಮ ಭಾಗದ ಹಿರಿಯರು ಬೆರಳಿಟ್ಟು ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. "ಹೋಬಾರ್ಟ್‌ದಿಂದ ಸ್ಟ್ರಾನ್ ಮುನ್ನೂರು ಕಿಲೋಮೀಟರ್ ಅಂತೀರಿ, ಅದಕ್ಕ ಇಡೀ ಹಗಲು ಯಾಕ್ರೀ? ರಾತ್ರಿ ಊಟಾ ಮಾಡಿ ಬಸ್ ಹತ್ತಿದ್ರ ಮುಂಜಾನೆ ಅಲ್ಲೇ ಇಳೀತೀವಿ, ಒಂದ್ ರೂಮಿನ ರೊಕ್ಕಾನೂ ಉಳೀತದ." ಹೋಬಾರ್ಟ್ ಎಂದರೆ ಟ್ಯಾಸ್ಮೇನಿಯಾದ ರಾಜಧಾನಿ, ಸ್ಟ್ರಾನ್ ಅದರ ಪಶ್ಚಿಮ ತೀರದ ಸಣ್ಣ ಊರು. ಹುಬ್ಬಳ್ಳಿಯ ನಮ್ಮ ಪ್ರವಾಸ ಸಂಸ್ಥೆಯ ಕಚೇರಿಯಲ್ಲಿ ಕುಳಿತು ಇದಕ್ಕೆ ಎಷ್ಟು ಸಲ ಉತ್ತರಿಸಿದರೂ, ಅದೇ ಯಾತ್ರಿಕರು ಅಲ್ಲಿಗೆ ಹೋದ ಎರಡನೆಯ ದಿನವೇ ಬಸ್ಸಿನಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಎತ್ತುವುದರಿಂದ, ಈ ಸಲ ಅದೊಂದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ ಎಲ್ಲಿಂದ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ರಾತ್ರಿ ಸ್ಲೀಪರ್ ಬಸ್ ಹತ್ತಿ, ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದು, ಕೆಲಸ ಮುಗಿಸಿ ಮತ್ತೆ ರಾತ್ರಿ ಬಸ್ಸಿಗೇ ಮರಳುವವರು ನಾವು. ತಿರುಪತಿಗೋ ಮಂತ್ರಾಲಯಕ್ಕೋ ಶಿರಡಿಗೋ ಹೊರಟಾಗಲೂ ರಾತ್ರಿಯನ್ನು ದಾರಿಗೆ, ಹಗಲನ್ನು ದರ್ಶನಕ್ಕೆ ಎಂದು ಹಂಚಿಕೊಳ್ಳುವುದು ನಮ್ಮ ರೂಢಿ. ಮಕ್ಕಳ ಫೀ ಕಟ್ಟಿ, ಮದುವೆ ಮಾಡಿ, ಮನೆ ಕಟ್ಟಿಸಿ ಉಳಿದ ಹಣದಲ್ಲಿ ಲೋಕ ನೋಡಲು ಹೊರಟವರ ಈ ಮಿತವ್ಯಯವನ್ನು ನಾನು ಗೌರವಿಸುತ್ತೇನೆ. ಆದರೆ ಆ ರೂಢಿ ದಾರಿಯನ್ನು ಬರಿಯ ದಾಟುವ ಜಾಗವೆಂದು ಎಣಿಸುತ್ತದೆ. ಟ್ಯಾಸ್ಮೇನಿಯಾದಲ್ಲಿ ನೀವು ಹಣ ಕೊಟ್ಟಿರುವುದರ ಬಹುಭಾಗ ಬಸ್ಸಿನ ಕಿಟಕಿಯ ಹೊರಗೇ ಇದೆ.

ಭೂಪಟದಲ್ಲಿ ಆಸ್ಟ್ರೇಲಿಯದ ಕೆಳಗೆ ಅಂಗೈಯಷ್ಟೂ ಕಾಣದ ಈ ದ್ವೀಪ ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರವಾಗಿದೆ, ಎಂದರೆ ನಮ್ಮ ರಾಜ್ಯದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಲ್ಲಿಯ ಜನಸಂಖ್ಯೆ 2021ರ ಗಣತಿಯಂತೆ ಐದೂವರೆ ಲಕ್ಷದಷ್ಟು, 2011ರಲ್ಲೇ ಒಂಬತ್ತು ಲಕ್ಷ ದಾಟಿದ್ದ ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತಲೂ ಬಹಳ ಕಡಿಮೆ. ಇಷ್ಟು ಕಡಿಮೆ ಜನ, ಇಷ್ಟು ಕಾಡು, ಇಷ್ಟು ಬೆಟ್ಟ ಇರುವಲ್ಲಿ ಹೆದ್ದಾರಿ ಎಂದರೆ ಎರಡು ಸಾಲಿನ ಅಂಕುಡೊಂಕಿನ ರಸ್ತೆ. ಹೋಬಾರ್ಟಿನಿಂದ ಪಶ್ಚಿಮಕ್ಕೆ ಹೋಗುವ ಲೈಯೆಲ್ ಹೆದ್ದಾರಿ ಡರ್ವೆಂಟ್ ಕಣಿವೆಯ ತೋಟಗಳನ್ನು ದಾಟಿ, ಆಸ್ಟ್ರೇಲಿಯದ ಅತಿ ಆಳದ ಸರೋವರವಾದ ಲೇಕ್ ಸೇಂಟ್ ಕ್ಲೇರ್ ಬಳಿ ಹಾದು, ಮನೆಯೊಂದೂ ಕಾಣದ ಮಳೆಕಾಡನ್ನು ಹೊಕ್ಕು, ಕೊನೆಗೆ ಒಂದರ ಮೇಲೊಂದು ತಿರುವುಗಳಲ್ಲಿ ಕ್ವೀನ್ಸ್‌ಟೌನಿಗೆ ಇಳಿಯುತ್ತದೆ. ತಾಮ್ರದ ಕುಲುಮೆಗಳಿಗಾಗಿ ಮರಗಳನ್ನು ಕಡಿದು, ಗಂಧಕದ ಹೊಗೆಯಿಂದ ಉಳಿದ ಹಸುರನ್ನೂ ಸುಟ್ಟು, ಜಡಿಮಳೆಗೆ ಮಣ್ಣೆಲ್ಲ ಕೊಚ್ಚಿಹೋಗಿ ಬೋಳಾದ ಆ ಊರಿನ ಬೆಟ್ಟಗಳನ್ನು ಕಂಡಾಗ ಗಣಿಗಾರಿಕೆಯ ಬಗ್ಗೆ ಯಾರೂ ಭಾಷಣ ಮಾಡಬೇಕಾಗುವುದಿಲ್ಲ. ಎಲ್ಲಿಯೂ ನಿಲ್ಲದೆ ಓಡಿಸಿದರೂ ಈ ಮುನ್ನೂರು ಕಿಲೋಮೀಟರಿಗೆ ಐದು ಗಂಟೆಯ ಹತ್ತಿರ ಬೇಕು. ಜಲಪಾತ, ಸರೋವರ, ಊಟ, ಶೌಚಾಲಯ ಎಂದು ನಿಂತು ಹೋದರೆ ಒಂಬತ್ತು ಗಂಟೆ ಹೆಚ್ಚಲ್ಲ.

ಇನ್ನು ಜನರು ಪದೇ ಪದೇ ತಪ್ಪು ತಿಳಿಯುವ ವಿಷಯಕ್ಕೆ ಬರುತ್ತೇನೆ. ಬಸ್ಸಿನ ವೇಳಾಪಟ್ಟಿಯನ್ನು ಕಟ್ಟಿಹಾಕಿರುವುದು ಚಾಲಕನ ಕೆಲಸದ ಗಂಟೆಗಳು. ಆಸ್ಟ್ರೇಲಿಯದ ಭಾರೀ ವಾಹನಗಳ ಕಾನೂನಿನ ಸಾಮಾನ್ಯ ನಿಯಮದಂತೆ, ದೊಡ್ಡ ಪ್ರವಾಸಿ ಬಸ್ಸಿನ ಚಾಲಕ ಯಾವುದೇ 24 ಗಂಟೆಗಳಲ್ಲಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಮತ್ತು ಆ ಅವಧಿಯಲ್ಲಿ ಕನಿಷ್ಠ 7 ಗಂಟೆಗಳ ವಿಶ್ರಾಂತಿಯನ್ನು ಒಂದೇ ಸಮನೆ, ವಾಹನದಿಂದ ಹೊರಗೋ, ನಿಂತ ವಾಹನದ ಅಂಗೀಕೃತ ಮಲಗುವ ಬರ್ತಿನಲ್ಲಿಯೋ, ಪಡೆಯಲೇಬೇಕು. ಐದೂಕಾಲು ಗಂಟೆ ಕೆಲಸ ಮಾಡಿದ ಮೇಲೆ 15 ನಿಮಿಷದ ಬಿಡುವಿಲ್ಲದೆ ಮುಂದುವರಿಯುವಂತಿಲ್ಲ. ಬೇರೆ ಅನುಮತಿ ಪಡೆದ ಸಂಸ್ಥೆಗಳಿಗೆ ಬೇರೆ ಲೆಕ್ಕವಿರಬಹುದು, ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯೂ ಆಗುತ್ತವೆ. ಆದರೆ ದಿನಚರಿ ಬರೆಯುವಾಗ ನಾವು ಹಿಡಿಯುವ ಆಧಾರ ಇದು.

ಇಲ್ಲಿ ಕೆಲಸವೆಂದರೆ ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರ ಎಂದು ನಮ್ಮವರು ಭಾವಿಸುತ್ತಾರೆ. ಹಾಗಲ್ಲ. ನೀವು ತಿಂಡಿ ತಿನ್ನುವಾಗ ಅವನು ಟೈರು, ಬ್ರೇಕು, ದೀಪ ನೋಡಿದ್ದು ಕೆಲಸ. ನಿಮ್ಮ ಸೂಟ್‌ಕೇಸುಗಳನ್ನು ಹೊಟ್ಟೆಯ ಕೆಳಗಿನ ಅಂಕಣದಲ್ಲಿ ಜೋಡಿಸಿದ್ದು ಕೆಲಸ, ಡೀಸೆಲ್ ಹಾಕಿಸಿದ್ದು ಕೆಲಸ, ನೀವು ಇಳಿದು ಹೋದ ಮೇಲೆ ಸೀಟುಗಳ ಸಂದಿಯಿಂದ ಶೇಂಗಾ ಸಿಪ್ಪೆ ಬಳಿದದ್ದೂ ಕೆಲಸ. ಅಲ್ಲಿ ಬಹಳ ಕಡೆ ಚಾಲಕನೇ ಮಾರ್ಗದರ್ಶಿ, ಮೈಕಿನಲ್ಲಿ ಊರಿನ ಕಥೆ ಹೇಳುತ್ತಲೇ ತಿರುವುಗಳನ್ನು ದಾಟಿಸುತ್ತಾನೆ. ರಾತ್ರಿ ಹನ್ನೊಂದಕ್ಕೆ ಹೋಟೆಲ್ ಮುಟ್ಟಿಸಿ, ಸಾಮಾನು ಇಳಿಸಿ, ಬಸ್ ಗುಡಿಸಿ ಹನ್ನೆರಡಕ್ಕೆ ಅವನು ಮಲಗಿದರೆ, ಬೆಳಿಗ್ಗೆ ಏಳಕ್ಕೆ ಮೊದಲು ಬಸ್ಸಿನ ಬಾಗಿಲು ಸಹ ಮುಟ್ಟುವಂತಿಲ್ಲ. ಆ ಏಳು ಗಂಟೆಯೂ ಕನಿಷ್ಠದ ಲೆಕ್ಕ. ಸ್ನಾನ, ತಿಂಡಿ ಸೇರಿಸಿದರೆ ಎಂಟು, ಎಂಟೂವರೆ. ಅಷ್ಟರೊಳಗೆ ನಿಮ್ಮ ಬೆಳಗಿನ ದೋಣಿ ಹೊರಟುಹೋಗಿರುತ್ತದೆ. ಸಂಜೆ ಎಳೆದುಕೊಂಡ ಗಂಟೆಗಳು ಮರುದಿನದ ಬೆಳಗಿನಿಂದಲೇ ಕಡಿತವಾಗುತ್ತವೆ ಎಂಬುದನ್ನು ದಯವಿಟ್ಟು ಸಮಾಧಾನದಿಂದ ಯೋಚಿಸಿ ನೋಡಬೇಕು. "ಇಬ್ಬರು ಡ್ರೈವರ್ ಇಟ್ಕೊಳ್ರಿ" ಎಂಬ ಸಲಹೆಯೂ ಬರುತ್ತದೆ. ಎರಡನೆಯವನ ಸಂಬಳ, ಊಟ, ಕೋಣೆ ಸೇರಿಸಿದರೆ ನಿಮ್ಮ ಒಂದು ರಾತ್ರಿಯ ಉಳಿತಾಯ ಅಲ್ಲಿಗೇ ಮುಗಿಯಿತು. ಮೇಲಾಗಿ ಅಲ್ಲಿಯ ಪ್ರವಾಸಿ ಬಸ್ಸುಗಳಲ್ಲಿ ನಮ್ಮಲ್ಲಿಯಂತೆ ಮಲಗುವ ಬರ್ತುಗಳಿಲ್ಲ, ಬೆಲ್ಟು ಕಟ್ಟಿಕೊಂಡು ಕೂರುವ ಸೀಟುಗಳಿವೆ.

ಒಮ್ಮೆ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕ್ವೀನ್ಸ್‌ಟೌನಿನಲ್ಲಿ ಚಹಾಕ್ಕೆ ನಿಂತಾಗ, ಅಂದೇ ಸಂಜೆ ಕ್ರೇಡಲ್ ಮೌಂಟನ್ ರಾಷ್ಟ್ರೀಯ ಉದ್ಯಾನದ ತನಕ ಹೋಗಿಬಿಡೋಣವೆಂದು ಚಾಲಕನ ಕೈಯಲ್ಲಿ 50 ಡಾಲರಿನ ನೋಟು ಇಟ್ಟರು. ಅವರ ಮಟ್ಟಿಗೆ ಅದು ಲಂಚವಲ್ಲ, ಹೆಚ್ಚಿನ ದುಡಿಮೆಗೆ ಪ್ರೀತಿಯಿಂದ ಕೊಡುವ ಭಕ್ಷೀಸು. ಚಾಲಕ ಆ ನೋಟನ್ನು ಮರಳಿ ಅವರ ಕೈಗಿಟ್ಟು, ಡ್ಯಾಶ್‌ಬೋರ್ಡಿನ ಮೇಲಿದ್ದ ಕೆಲಸದ ದಿನಚರಿ ಪುಸ್ತಕವನ್ನು ತೆರೆದು ತೋರಿಸಿದ. ದಿನವನ್ನು ಹದಿನೈದು ನಿಮಿಷಗಳ ಚೌಕಗಳಾಗಿ ಸೀಳಿದ ಪುಟ ಅದು. ಯಾವ ಚೌಕ ಕೆಲಸ, ಯಾವ ಚೌಕ ವಿಶ್ರಾಂತಿ ಎಂದು ಪೆನ್ನಿನಿಂದ ಗೆರೆ ಎಳೆದು, ಕೆಳಗೆ ಸಹಿ ಮಾಡಬೇಕು. ದಾರಿಯಲ್ಲಿ ಅಧಿಕಾರಿಗಳು ತಡೆದು ಕೇಳಿದರೆ ತೋರಿಸಬೇಕು, ಸುಳ್ಳು ಬರೆದರೆ ದಂಡ. ಲೆಕ್ಕದ ಕಿರ್ದಿ ಬರೆದು ಬರೆದು ಕೂದಲು ಹಣ್ಣಾದ ಆ ವ್ಯಾಪಾರಿ ಕನ್ನಡಕ ಏರಿಸಿ ಪುಟವನ್ನು ಮೇಲಿನಿಂದ ಕೆಳಗೆ ಓದಿದರು. ಅವರು ಆಮೇಲೆ ನನ್ನೊಡನೆ ವಾದಿಸುವುದನ್ನೇನೂ ಬಿಡಲಿಲ್ಲ, ಆದರೆ ಚಾಲಕನನ್ನು ಮತ್ತೆ ಒತ್ತಾಯಿಸಲಿಲ್ಲ.

ಕಾನೂನನ್ನು ಬದಿಗಿಟ್ಟರೂ ಉಳಿಯುವ ಕಾರಣ ಪ್ರಾಣಿಗಳದ್ದು, ಮತ್ತು ನನ್ನ ಮನಸ್ಸಿಗೆ ಅದೇ ದೊಡ್ಡದು. ಸಣ್ಣ ಕಾಂಗರೂಗಳಂತಿರುವ ವಾಲಬಿ ಮತ್ತು ಪ್ಯಾಡಿಮೆಲನ್, ಜೊತೆಗೆ ವಾಂಬ್ಯಾಟ್, ಪಾಸಮ್ ಮುಂತಾದ ಅಲ್ಲಿಯ ಬಹಳಷ್ಟು ಪ್ರಾಣಿಗಳು ಹೊತ್ತು ಮುಳುಗುವಾಗ ಮೇಯಲು ಹೊರಡುತ್ತವೆ. ರಸ್ತೆಯಂಚಿನ ಹುಲ್ಲು ಅವಕ್ಕೆ ಇಷ್ಟ. ದೀಪದ ಬೆಳಕು ಬಿದ್ದರೆ ಓಡಿಹೋಗುವ ಬದಲು ನಿಂತುಬಿಡುತ್ತವೆ, ಇಲ್ಲವೇ ಬಸ್ಸಿನ ಕಡೆಗೇ ಹಾರುತ್ತವೆ. ವಾಂಬ್ಯಾಟ್ ಎಂಬುದು ಕುಳ್ಳಗೆ, ದಪ್ಪಗೆ, ಮೂವತ್ತು ಕಿಲೋದಷ್ಟು ತೂಗಬಲ್ಲ ಪ್ರಾಣಿ, ಅದಕ್ಕೆ ಬಡಿದ ಸಣ್ಣ ಕಾರು ರಸ್ತೆ ಬಿಟ್ಟು ಇಳಿಯಬಹುದು. ಸತ್ತ ಪ್ರಾಣಿಯನ್ನು ತಿನ್ನಲು ಬರುವ ಟ್ಯಾಸ್ಮೇನಿಯನ್ ಡೆವಿಲ್ ಅದೇ ಜಾಗದಲ್ಲಿ ಮುಂದಿನ ವಾಹನಕ್ಕೆ ಸಿಗುತ್ತದೆ. 1996ರಲ್ಲಿ ಮೊದಲ ಬಾರಿ ಕಂಡ ಮುಖದ ಗಡ್ಡೆಯ ಅಂಟುರೋಗದಿಂದ ಈಗಾಗಲೇ ಸೊರಗಿರುವ ಸಂತತಿ ಅದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ತಡೆದಿರುವುದನ್ನು ನಾವು 2009ರಿಂದ ಬಲ್ಲೆವು, ಅದರ ಪರ ಮಾತನಾಡುವವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಟ್ಯಾಸ್ಮೇನಿಯಾದಲ್ಲಿ ರಸ್ತೆ ಮುಚ್ಚುವುದಿಲ್ಲ, ಮುಸ್ಸಂಜೆಯಿಂದ ನಸುಕಿನವರೆಗೆ ಎಚ್ಚರವೆಂಬ ಫಲಕಗಳನ್ನು ನೆಟ್ಟು ಉಳಿದದ್ದನ್ನು ಚಾಲಕನ ವಿವೇಕಕ್ಕೆ ಬಿಡುತ್ತಾರೆ. ಆ ವಿವೇಕದ ಮೇಲೆ ನಮ್ಮವರು ಒತ್ತಡ ಹಾಕಬಾರದು.

ಬೆಳಿಗ್ಗೆ ಆ ರಸ್ತೆಗಳಲ್ಲಿ ಹೊರಟರೆ ರಾತ್ರಿಯ ಲೆಕ್ಕ ಕಣ್ಣಿಗೆ ಬೀಳುತ್ತದೆ. ಒಂದು ಮುಂಜಾನೆ ನಮ್ಮ ಚಾಲಕ ಸುರಕ್ಷಿತ ಜಾಗ ನೋಡಿ ಬಸ್ ನಿಲ್ಲಿಸಿ, ಸತ್ತು ಬಿದ್ದಿದ್ದ ಪ್ಯಾಡಿಮೆಲನ್ ಬಳಿಗೆ ನಡೆದು ಹೋದ. ಹೊಟ್ಟೆಯ ಚೀಲದೊಳಗೆ ಮರಿಯಿದೆಯೇ ಎಂದು ನೋಡುವುದು ಅಲ್ಲಿಯ ತಿಳಿದವರ ಪದ್ಧತಿ. ಮರಿ ಇನ್ನೂ ಮೊಲೆ ಕಚ್ಚಿಕೊಂಡಿದ್ದರೆ ಎಳೆಯಬಾರದು, ಅದರ ಬಾಯಿ ಹರಿಯುತ್ತದೆ. ಇದು ತುಸು ಬೆಳೆದ ಮರಿ. ಅವನು ಅದನ್ನು ತನ್ನ ಉಣ್ಣೆಯ ಟೋಪಿಯಲ್ಲಿ ಇಳಿಸಿಕೊಂಡು ಬಂದು, ಮುಂದಿನ ಸೀಟಿನಲ್ಲಿದ್ದ ಲಕ್ಷ್ಮೇಶ್ವರದ ನಿವೃತ್ತ ಶಿಕ್ಷಕಿಯ ಕೈಗಿತ್ತು, ಬೆಚ್ಚಗೆ ಕತ್ತಲಲ್ಲಿ ಇಡಬೇಕು, ಮಾತಾಡಬಾರದು, ನೀರು ಕುಡಿಸಬಾರದು ಎಂದು ಹೇಳಿ, ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿದ. ಬಾಯಿ ಬಿಟ್ಟರೆ ಮುಚ್ಚದ ನಮ್ಮ ತಂಡ ಮುಂದಿನ ಊರಿನವರೆಗೆ ಪಿಸುಮಾತೂ ಆಡಲಿಲ್ಲ. ಶಾಲಿನೊಳಗಿಂದ ಬೆರಳಿನಷ್ಟು ದಪ್ಪದ ಬಾಲವೊಂದು ಹೊರಬಂದಾಗಲೆಲ್ಲ ಟೀಚರು ಅದನ್ನು ಮೆಲ್ಲಗೆ ಒಳಗೆ ಸೇರಿಸುತ್ತಿದ್ದರು. ಆ ಮರಿಯನ್ನು ಅಲ್ಲಿಯ ಕಾರ್ಯಕರ್ತರಿಗೆ ಒಪ್ಪಿಸಿದೆವು.

ಇದೇ ಮುಸ್ಸಂಜೆ ಬಸ್ಸಿನಿಂದ ಇಳಿದವರಿಗೆ ಕೊಡುವ ಭಾಗ್ಯವೇ ಬೇರೆ. ಮಧ್ಯಾಹ್ನವೇ ಕ್ರೇಡಲ್ ಮೌಂಟನ್ ಮುಟ್ಟಿದರೆ, ಉದ್ಯಾನದ ಶಟಲ್ ಬಸ್ಸಿನಲ್ಲಿ ರಾನಿ ಕ್ರೀಕ್ ಬಳಿ ಇಳಿದು ಹಲಗೆ ಹಾಸಿದ ದಾರಿಯಲ್ಲಿ ನಡೆಯಬಹುದು. ಬಟನ್‌ಗ್ರಾಸ್ ಎಂಬ ಹುಲ್ಲಿನ ಬಯಲಿನಲ್ಲಿ ವಾಂಬ್ಯಾಟುಗಳು ತಲೆ ಎತ್ತದೆ ಮೇಯುತ್ತಿರುತ್ತವೆ, ಅವು ಹುಲ್ಲು ಕಿತ್ತು ಅಗಿಯುವ ಸದ್ದು ಹಲಗೆಯ ಮೇಲೆ ನಿಂತವರಿಗೆ ಕೇಳುತ್ತದೆ. ಮೊಣಕಾಲು ನೋವಿನ ಹಿರಿಯರೂ ನಡೆಯಬಲ್ಲ ದಾರಿ ಅದು. ಕೊನೆಯ ಶಟಲ್ ಎಷ್ಟು ಹೊತ್ತಿಗೆ ಎಂಬುದು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಆ ದಿನವೇ ಕೇಳಿಕೊಳ್ಳಬೇಕು.

ಸ್ಟ್ರಾನ್‌ನಲ್ಲಿ ರಾತ್ರಿ ತಂಗುವುದಕ್ಕೂ ಅರ್ಥವಿದೆ. ಗಾರ್ಡನ್ ನದಿಯ ವಿಹಾರ ದೋಣಿ ಬೆಳಿಗ್ಗೆ ಹೊರಡುತ್ತದೆ. ಎಲೆಗಳ ಒಗರು ಇಳಿದು ಚಹಾದ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ದಡದ ಮರಗಳು ತಲೆಕೆಳಗಾಗಿ ನಿಂತಿರುತ್ತವೆ. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ದಪ್ಪವಾಗುತ್ತ ಎರಡು ಸಾವಿರ ವರ್ಷ ದಾಟಿ ಬದುಕಬಲ್ಲ ಹ್ಯುವಾನ್ ಪೈನ್ ಇಲ್ಲಿಯದು. ಈ ನದಿಗೆ ಅಣೆಕಟ್ಟು ಕಟ್ಟಿ ಫ್ರಾಂಕ್ಲಿನ್ ಕಣಿವೆಯನ್ನು ಮುಳುಗಿಸುವುದನ್ನು ತಡೆಯಲು 1982ರ ಡಿಸೆಂಬರಿನಿಂದ ಜನ ದೋಣಿಗಳಲ್ಲಿ ಬಂದು ಅಡ್ಡ ನಿಂತರು, ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು, 1983ರ ಜುಲೈ 1ರಂದು ಆಸ್ಟ್ರೇಲಿಯದ ಹೈಕೋರ್ಟಿನ ತೀರ್ಪಿನಿಂದ ಯೋಜನೆ ನಿಂತಿತು. ಕಪ್ಪತಗುಡ್ಡಕ್ಕಾಗಿ ಬೀದಿಗಿಳಿದ ಗದಗದವರಿಗೆ ಈ ಕಥೆಯನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ರಾತ್ರಿಯಿಡೀ ಸೀಟಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಬಂದವರು ಇದನ್ನೆಲ್ಲ ದೋಣಿಯಲ್ಲಿ ನಿದ್ದೆ ಮಾಡಿ ಕಳೆದುಕೊಳ್ಳುತ್ತಾರೆ.

ಊಟದ ಮಾತನ್ನು ಚುಟುಕಾಗಿ ಹೇಳುತ್ತೇನೆ. ಸಣ್ಣ ಊರುಗಳಲ್ಲಿ ಅಂಗಡಿಗಳು ಸಂಜೆ ಐದರ ಸುಮಾರಿಗೆ ಬಾಗಿಲು ಹಾಕುತ್ತವೆ, ಅಡುಗೆಮನೆಗಳು ಎಂಟರ ನಂತರ ಒಲೆ ಆರಿಸತೊಡಗುತ್ತವೆ. ಮೊಟ್ಟೆಯೂ ಇಲ್ಲದ ಶಾಕಾಹಾರ ಬೇಕಾದವರಿಗೆ ಮೊದಲೇ ತಿಳಿಸಿ ಮಾಡಿಸಬೇಕು, ಒಂಬತ್ತಕ್ಕೆ ಬಸ್ ಮುಟ್ಟಿದರೆ ಬ್ರೆಡ್ಡೇ ಗತಿ.

ನಮ್ಮವರು ಹೆಚ್ಚಾಗಿ ಹೊರಡುವುದು ಶಾಲೆಗಳಿಗೆ ರಜೆಯಿರುವ ಏಪ್ರಿಲ್–ಮೇ ತಿಂಗಳಲ್ಲಿ. ಆಗ ಅಲ್ಲಿ ಶರತ್ಕಾಲ. ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರವನ್ನು ಏಪ್ರಿಲ್ ಮೊದಲ ಭಾನುವಾರ ಮತ್ತೆ ಒಂದು ಗಂಟೆ ಹಿಂದೆ ಇಡುತ್ತಾರೆ. ತಿಂಗಳ ಕೊನೆಗೆ ಹೋಬಾರ್ಟಿನಲ್ಲಿ ಸಂಜೆ ಐದೂವರೆಯೊಳಗೆ, ಮೇ ನಡುವಿನಲ್ಲಿ ಐದಕ್ಕೇ ಹೊತ್ತು ಮುಳುಗುತ್ತದೆ. ಡಿಸೆಂಬರಿನಲ್ಲಿ ಹೋದ ನೆಂಟರು ರಾತ್ರಿ ಎಂಟೂವರೆಯ ಬಿಸಿಲಿನ ಫೋಟೋ ಕಳಿಸಿದ್ದನ್ನು ತೋರಿಸಿ ವಾದಿಸಿದರೆ ಮೇ ತಿಂಗಳ ಸೂರ್ಯ ಒಪ್ಪುವುದಿಲ್ಲ. ಆದರೆ ಏಪ್ರಿಲ್ ಕೊನೆಯ ವಾರಗಳಲ್ಲಿ ಫೇಗಸ್ ಎಂಬ ಗಿಡ್ಡ ಬೀಚ್ ಮರ ಕ್ರೇಡಲ್ ಮೌಂಟನ್ ಮತ್ತು ಮೌಂಟ್ ಫೀಲ್ಡ್ ಇಳಿಜಾರುಗಳಲ್ಲಿ ಹೊನ್ನಿನ, ಕೆಂಪಿನ ಬಣ್ಣಕ್ಕೆ ತಿರುಗುತ್ತದೆ. ಹಗಲು ಚಿಕ್ಕದಾದರೂ ಆ ದಿನಗಳಲ್ಲಿ ಹೋಗಬೇಕೆಂದೇ ನಾನು ಹೇಳುತ್ತೇನೆ.

ಮೆಲ್ಬರ್ನಿನಲ್ಲಿರುವ ಮಗ ಕಾರು ಬಾಡಿಗೆಗೆ ಹಿಡಿದು ತಾನೇ ಸುತ್ತಾಡಿಸುತ್ತಾನೆಂದು ಹೊರಟವರಿಗೂ ಇದೇ ಮಾತು. ಕಾರಿಗೆ ಚಾಲಕನ ಗಂಟೆಗಳ ಆ ಪುಸ್ತಕವಿಲ್ಲ, ಪ್ರಾಣಿಗಳು ಮಾತ್ರ ಅವೇ. ಕತ್ತಲಲ್ಲಿ ಆದ ಡಿಕ್ಕಿಗೆ ವಿಮೆ ಹೇಗೆ ಅನ್ವಯಿಸುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು, ಸಹಿ ಮಾಡುವ ಮೊದಲು ಷರತ್ತುಗಳನ್ನು ಓದಬೇಕು. ಇನ್ನು ನಮ್ಮಂಥವರ ಬಳಿ ಬುಕ್ ಮಾಡುವವರು ದಿನಚರಿಯಲ್ಲಿ ಎಷ್ಟು ಸ್ಥಳಗಳಿವೆ ಎಂದು ಎಣಿಸುವುದಕ್ಕೆ ಮುಂಚೆ, ಪ್ರತಿದಿನ ಹೋಟೆಲ್ ಮುಟ್ಟುವ ವೇಳೆ ಬರೆದಿದೆಯೇ ಎಂದು ನೋಡಲಿ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಲಿ, ಆ ವೇಳೆಯನ್ನು ಆ ತಿಂಗಳ ಸೂರ್ಯಾಸ್ತದ ಪಕ್ಕದಲ್ಲಿಟ್ಟು ನೋಡಲಿ. ಸೂರ್ಯಾಸ್ತಕ್ಕಿಂತ ಎರಡು ಮೂರು ಗಂಟೆ ತಡವಾಗಿ ಮುಟ್ಟಿಸುವ ದಿನಗಳು ಸಾಲಾಗಿ ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಮುಂಗಡ ಕೊಡುವ ಮುನ್ನ ಕಾರಣ ಕೇಳಬೇಕು.