ಭಾನಗಢದ ನೆರಳು, ಕಣ್ಣಂಚಿನ ಕಾವಲು

ರಾಜಸ್ಥಾನದ ಅಲ್ವರ್ ಜಿಲ್ಲೆಯ ಭಾನಗಢ ಕೋಟೆಯ ಮಾತು ಬಂದಾಗಲೆಲ್ಲ, ಸಂಜೆಯ ನಂತರ ಪ್ರವೇಶವಿಲ್ಲವೆಂಬ ಪುರಾತತ್ವ ಇಲಾಖೆಯ ಫಲಕವನ್ನು ತೋರಿಸಿ, ಸರ್ಕಾರವೇ ದೆವ್ವವನ್ನು ಒಪ್ಪಿಕೊಂಡಿದೆಯೆಂದು ಓದಿದವರೂ ವಾದಿಸುವುದನ್ನು ಕೇಳಿ ನನಗೆ ಬೇಸರವಾಗುತ್ತದೆ. ಬೇರೆ ವೇಳೆ ಗೊತ್ತುಪಡಿಸದ ಸಂರಕ್ಷಿತ ಸ್ಮಾರಕಗಳು ಹಗಲಿನಲ್ಲಿ ಮಾತ್ರ ತೆರೆದಿರಬೇಕೆಂಬುದು 1959ರ ನಿಯಮ. ನಮ್ಮ ಬಾದಾಮಿಯ ಗುಹಾಲಯಗಳಿಗೂ ಸಂಜೆ ಬೀಗ ಬೀಳುತ್ತದೆ. ಅದರ ಮೇಲೆ ಭಾನಗಢದ ಮಗ್ಗುಲಲ್ಲೇ ಸರಿಸ್ಕಾದ ಹುಲಿಕಾಡಿದೆ.

ಆಮೇರಿನ ರಾಜಾ ಭಗವಂತದಾಸನು 1573ರಲ್ಲಿ ಮಗ ಮಾಧೋಸಿಂಗನಿಗಾಗಿ ಕಟ್ಟಿಸಿದ ಊರಿದು. ರಾಜಕುಮಾರಿ ರತ್ನಾವತಿಯ ಅತ್ತರಿಗೆ ಮಾಂತ್ರಿಕನೊಬ್ಬ ವಶೀಕರಣ ಮಾಡಿದನೆಂದೂ, ಆಕೆ ಅದನ್ನು ಬಂಡೆಯ ಮೇಲೆ ಚೆಲ್ಲಲು ಬಂಡೆಯೇ ಉರುಳಿ ಅವನನ್ನು ಅರೆಯಿತೆಂದೂ, ಅವನ ಶಾಪದಿಂದ ಊರು ಹಾಳಾಯಿತೆಂದೂ ಕಥೆ. 1783ರ ಘೋರ ಕ್ಷಾಮವನ್ನು ಕಥೆ ಹೇಳುವವರು ನೆನೆಯುವುದಿಲ್ಲ. ಮನೆಗಳಿಗೆ ಚಾವಣಿಯಿಲ್ಲದ್ದೂ ಶಾಪವಂತೆ. ವಾಸವಿಲ್ಲದ ಮನೆಯಲ್ಲಿ ಮೊದಲು ಕುಸಿಯುವುದು ಚಾವಣಿಯೇ ಎಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

“ಕಣ್ಣಂಚಿನಲ್ಲಿ ಬಿಳಿಯದೇನೋ ಸುಳಿಯಿತು, ತಿರುಗಿ ನೋಡಿದರೆ ಮಾಯ” ಎನ್ನುವವರು ಮಾತ್ರ ಸುಳ್ಳು ಹೇಳುತ್ತಿಲ್ಲ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ, ಮಬ್ಬಿನಲ್ಲಿ ದುಡಿಯುವ ದಂಡಕೋಶಗಳು ಸುಮಾರು 12 ಕೋಟಿ. ನಾವು ನೆಟ್ಟು ನೋಡುವ ನಟ್ಟನಡುವಿನ ಬಿಂದುವಿನಲ್ಲಿ ದಂಡಕೋಶಗಳು ಇಲ್ಲವೇ ಇಲ್ಲ. ಶಂಕುಕೋಶಗಳು ದೀಪ ಆರಿದೊಡನೆ ಕದ ಹಾಕುವ ಪೇಟೆಬೀದಿಯ ಅಂಗಡಿಗಳಾದರೆ, ದಂಡಕೋಶಗಳು ಊರ ಅಂಚಿನಲ್ಲಿ ಗಸ್ತು ತಿರುಗುವ ತಳವಾರರು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಇರುಳಿನ ಕಣ್ಣು ನಡುವೆ ತೂತಾದ ಬಲೆ: ಅಂಚಿನಲ್ಲಿ ಸಿಕ್ಕ ಮೀನು ನಡುವಿಗೆ ಬಂದೊಡನೆ ಜಾರಿಹೋಗುತ್ತದೆ. ಕೃತ್ತಿಕೆಯನ್ನು ನೆಟ್ಟು ನೋಡಿ, ಆಮೇಲೆ ಅದರ ಬದಿಗೆ ತುಸು ದೃಷ್ಟಿ ಸರಿಸಿದರೆ, ಆವರೆಗೆ ಕಾಣದಿದ್ದ ಚುಕ್ಕೆಗಳು ಮೂಡುವುದು ಇದೇ ಕಾರಣಕ್ಕೆ.

ತಳವಾರ ಸುದ್ದಿ ತರುತ್ತಾನೆ, ಮುಖಚಹರೆ ತರಲಾರ. ಆ ಮಸುಕಿಗೆ ಸೆರಗು, ಕೂದಲು, ಕೈಕಾಲು ತೊಡಿಸುವುದು ಕಥೆ ಕೇಳಿ ಬಂದ ಮನಸ್ಸು. ಭಾನಗಢದ ಗೋಡೆಗಳ ಮೇಲೆ ಬೂದುಬಣ್ಣದ ಮುಸುವ ಕೋತಿಗಳು ಧಾರಾಳವಾಗಿವೆ. ಗಾಬರಿಯಿಂದ ಟಾರ್ಚ್ ಹಾಕಿದರೆ ದಂಡಕೋಶಗಳು ಕುರುಡಾಗಿ, ಪೂರ್ತಿ ಚೇತರಿಸಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕತ್ತಲಲ್ಲೇ ಕೂತು, ಮಾಯವಾದ ಆಕೃತಿ ಇದ್ದ ಜಾಗದಿಂದ ನಾಲ್ಕು ಬೆರಳಷ್ಟು ಬದಿಗೆ ನೋಡಿದರೆ, ಅಲ್ಲಿರುವ ಮಾಸಲು ಕಲ್ಲು ಮತ್ತೆ ಕಣ್ಣಂಚಿಗೆ ಬಂದು ನಿಲ್ಲುತ್ತದೆ.