ಡಾಕ್ಟ್ರೇ, ವಿಡಿಯೊ ನಿಲ್ಸಿ

ಕೋಲಾರದ ಕಡೆಯ ಒಂದು ಹಳ್ಳಿ. ಡೈರಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಅಂಗೈಯಗಲದ ಪ್ರೊಜೆಕ್ಟರಿನಲ್ಲಿ ಪಶುವೈದ್ಯನಾದ ನಾನು ಮೊದಲು ತೋರಿಸಿದ್ದು ಅಜೋಲಾ ಬೆಳೆಯುವ ವಿಡಿಯೊ. ಅಜೋಲಾ ಅಂದರೆ ನೀರಿನ ಮೇಲೆ ತೇಲಿ ಬೆಳೆಯುವ, ದನಕ್ಕೆ ಮೇವಾಗುವ ಪುಟ್ಟ ಜರೀಗಿಡ. ಸಂಜೆಯ ಹಾಲು ಹಾಕಿದ ಹೆಂಗಸರು ಖಾಲಿ ಕ್ಯಾನುಗಳ ಪಕ್ಕ ಕೂತಿದ್ದರು. ಎರಡು ನಿಮಿಷ ಆಗಿರಲಿಲ್ಲ, ಹಿಂದಿನಿಂದ ಪ್ರಶ್ನೆ ಬಂತು: ‘ಸಾರ್, ಆಯಮ್ಮಂದು ಯಾವೂರು?’ ಗುಂಡಿ ಎಷ್ಟು ಆಳ, ಸಗಣಿ ಎಷ್ಟು ಎಂದು ಯಾರೂ ಕೇಳಲಿಲ್ಲ. ಬೇರೆ ಜಿಲ್ಲೆಯವರು ಅಂದೆ. ‘ಅಲ್ಲಿ ನೀರಿರತ್ತೆ ಬಿಡಿ’ ಅಂತ ಅರ್ಧ ಜನ ಎದ್ದು ಹೋದರು.

ಇದು ನನಗೊಬ್ಬನಿಗೇ ಎದುರಾದ ಪ್ರಶ್ನೆಯಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ವಿಡಿಯೊ ತೋರಿಸಿ ರೈತರಿಗೆ ಬೇಸಾಯ ಕಲಿಸುವ ‘ಡಿಜಿಟಲ್ ಗ್ರೀನ್’ ಪ್ರಯೋಗ ಶುರು ಮಾಡಿದಾಗ ಅವರಿಗೂ ಇದೇ ಕೇಳಿಬಂತು: ಈ ರೈತನ ಹೆಸರೇನು, ಯಾವ ಊರು? ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಸುತ್ತಮುತ್ತಲಿನ ರೈತರ ಕೈಯಲ್ಲೇ ಮಾಡಿಸಿ ಚಿತ್ರೀಕರಿಸಿದರು, ಅಲ್ಲೇ ತೋರಿಸಿದರು. ಹಾಕಿದ ಖರ್ಚಿಗೆ, ಕಾರ್ಯಕರ್ತರು ಊರಿಗೆ ಬಂದು ಹೇಳಿಕೊಡುವ ಹಳೆಯ ಪದ್ಧತಿಗಿಂತ ಹತ್ತು ಪಟ್ಟು ಫಲ ಸಿಕ್ಕಿತೆಂಬುದು ಅವರ ಲೆಕ್ಕ. ಎಲ್ಲರೂ ಆ ಹತ್ತು ಪಟ್ಟನ್ನು ನೆನಪಿಟ್ಟುಕೊಂಡರು. ಅಲ್ಲಿ ವಿಡಿಯೊವನ್ನು ಅದರ ಪಾಡಿಗೆ ಓಡಲು ಬಿಟ್ಟಿರಲಿಲ್ಲ, ಊರಿನವರೇ ಒಬ್ಬರು ಅಲ್ಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು ಎನ್ನುವುದನ್ನು ಮರೆತರು. ಊರೂರಿಗೆ ಪರದೆ ಹೊತ್ತು ತಿರುಗುವ ನಮ್ಮಂಥವರು ಮೊದಲು ಗಮನಿಸಬೇಕಾದದ್ದು ಅದನ್ನೇ.

ನಾವೂ ರಿಮೋಟನ್ನು ಡೈರಿಯಲ್ಲಿ ಹಾಲು ಅಳೆಯುವ ಹುಡುಗಿಯ ಕೈಗೆ ಕೊಟ್ಟೆವು. ಅದೇ ಊರಿನ ಹೆಂಗಸೊಬ್ಬರ ಹಿತ್ತಲಲ್ಲಿ ಮತ್ತೆ ಚಿತ್ರೀಕರಿಸಿದೆವು. ಈ ಸಲ ಏಳು ಮನೆಯವರು ಗುಂಡಿ ತೋಡಿ ನೀರು ಇಂಗದಂತೆ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಶೀಟು ಹಾಸಿದರು. ಹದಿನೈದು ದಿನಕ್ಕೆ ಎರಡು ಗುಂಡಿಯಲ್ಲಿ ಅಜೋಲಾ ಕೆಂಪಾಯಿತು: ಬಿಸಿಲು ಜಾಸ್ತಿ, ರಂಜಕ (ಫಾಸ್ಫರಸ್) ಕಮ್ಮಿ. ಹೊಂಗೆ ನೆರಳಿದ್ದ ಗುಂಡಿ ಹಸಿರಾಗೇ ಇತ್ತು. ಅದನ್ನು ಗುಂಪಿನವರೇ ಕಂಡುಹಿಡಿದರು. ಸಗಣಿ ವಾಸನೆಗೆ ಹಸು ಮೂಸಿ ನೋಡಿ ಮುಖ ತಿರುಗಿಸಿದಾಗ, ತೊಳೆದು ಬೂಸಕ್ಕೆ ಕಲೆಸಿಕೊಡುವುದನ್ನೂ ಕಲಿತರು.

ವರದಿ ಬರೆಯುವವರಿಗೆ ಇಷ್ಟು ಸಾಕು. ನಮ್ಮ ಕತೆ ಮುಂದೆ ಕೆಟ್ಟಿತು, ಅಥವಾ ಸರಿಯಾಯಿತು. ಒಂದು ಸಂಜೆ ಹುಡುಗಿ ವಿಡಿಯೊ ನಿಲ್ಲಿಸುವ ಮೊದಲೇ ಹೆಚ್ಚು ಹಾಲು ಕೊಡುವ ಎಚ್‌ಎಫ್ ತಳಿಯ ಹಸು ಸಾಕಿದ್ದ ಹೆಂಗಸೊಬ್ಬರು ‘ಡಾಕ್ಟ್ರೇ, ನಿಲ್ಸಿ’ ಅಂದರು. ‘ಎರಡು ಕೆಜಿ ಅಜೋಲಾ ಅಂದ್ರೆ ಎಷ್ಟು ಹಿಂಡಿಗೆ ಸಮ?’

ಲೆಕ್ಕ ಹಾಕಿದೆ. ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರು ಅಂದುಕೊಂಡರೆ ಎರಡು ಕೆಜಿಯಲ್ಲಿ ಒಣ ಅಂಶ 120 ಗ್ರಾಂ. ಅದರ ಕಾಲುಭಾಗ ಪ್ರೋಟೀನ್, ಅಂದರೆ 30 ಗ್ರಾಂ. ಕಡಲೆಕಾಯಿ ಹಿಂಡಿಯಲ್ಲಿ ಅಷ್ಟು ಒಂದು ಹಿಡಿಯಲ್ಲಿರುತ್ತದೆ. ‘ಒಂದು ಹಿಡಿ ಹಿಂಡಿಗೆ ದಿನಾ ಮೂರು ಬಕೆಟ್ ನೀರಲ್ಲಿ ತೊಳೀಬೇಕಾ?’ ಆ ನೀರನ್ನು ಗಿಡಕ್ಕೆ ಹಾಕಬಹುದು ಅಂದೆ. ‘ನಮ್ಮ ಬೋರು ಸಾವಿರದಿನ್ನೂರಡಿ, ಸಾರ್’ ಅಂದರು. ವರ್ಷಗಟ್ಟಲೆ ಕರಪತ್ರ ಹಂಚಿದ್ದೆ, ಈ ಭಾಗಾಕಾರ ಮಾಡಿರಲಿಲ್ಲ. ಕೋಳಿಗೆ, ಒಂದೆರಡು ಆಡಿಗೆ ಅಜೋಲಾ ಈಗಲೂ ಹೇಳುತ್ತೇನೆ. ಹದಿನೈದು ಲೀಟರ್ ಕರೆಯುವ ಹಸುವಿಗೆ ಹೇಳುವುದಿಲ್ಲ.

ಆಮೇಲೆ ವಿಷಯವನ್ನು ಅವರೇ ಆರಿಸತೊಡಗಿದರು. ಹಸು ಕೊಡುವ ಒಂದೊಂದು ಲೀಟರ್ ಹಾಲಿಗೂ ಮೂರ್ನಾಲ್ಕು ಲೀಟರ್ ನೀರು ಕುಡಿಯಬೇಕು. ನಮ್ಮಲ್ಲಿ ಎರಡು ಹೊತ್ತು ಕಲಗಚ್ಚು ತೋರಿಸಿ ಕಟ್ಟಿಹಾಕುವುದೇ ರೂಢಿ. ನೀರಿನ ತೊಟ್ಟಿ ಸದಾ ಬಾಯಿಗೆ ಎಟುಕುವಂತೆ ಇಟ್ಟ ಮನೆಗಳಲ್ಲಿ ಹಾಲು ಏರಿದ್ದು ಡೈರಿ ಪುಸ್ತಕದಲ್ಲೇ ಕಾಣುತ್ತಿತ್ತು. ಇನ್ನೊಂದು, ಕೆಚ್ಚಲು ಬಾವು. ಕರೆದ ಮೇಲೆ ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ. ಹಸು ಆಗಲೇ ಮಲಗಿದರೆ ಕೊಟ್ಟಿಗೆಯ ಕೊಳೆಯೆಲ್ಲ ಒಳಗೆ. ಕರೆದ ತಕ್ಷಣ ಮುಂದೆ ಹಸಿಮೇವು ಹಾಕಿದರೆ ನಿಂತೇ ತಿನ್ನುತ್ತದೆ. ಖರ್ಚಿಲ್ಲ, ಮೇವು ಹಾಕುವ ಹೊತ್ತು ಬದಲಾಗಬೇಕು ಅಷ್ಟೆ.

ವಾಟ್ಸಾಪ್ ಗುಂಪು ಮಾಡಿದ್ದು ಕೊನೆಗೆ. ಬೆಳಗಿನ ಶುಭೋದಯಗಳಿಂದ ಅದು ಸಾಯುವ ಹಂತಕ್ಕೆ ಬಂದಿತ್ತು. 2022ರಲ್ಲಿ ಚರ್ಮಗಂಟು ರೋಗ ಬಂದು, ಗಂಟಾದ ಹಸುವಿನ ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆಂಬ ಗುಲ್ಲೆದ್ದಾಗ ಮಾತ್ರ ಉಪಯೋಗಕ್ಕೆ ಬಿತ್ತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ ಎಂದು ನಾನು ಟೈಪು ಮಾಡಿ ಹಾಕಿದ್ದನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ಹಾಲು ಅಳೆಯುವ ಹುಡುಗಿ ಅದನ್ನೇ ತನ್ನ ಮಾತಿನಲ್ಲಿ ಹೇಳಿ, ‘ಹಾಲು ಕಾಯಿಸಿ ಕುಡೀರಿ, ನಾನೂ ಕುಡೀತಿದೀನಿ’ ಅಂತ ಧ್ವನಿ ಕಳಿಸಿದ್ದು ಪಕ್ಕದ ಊರುಗಳಿಗೂ ಹೋಯಿತು.

ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಜೋಳದ ಕಡ್ಡಿ ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು (ಸೈಲೇಜ್) ಹಾಕಿದ್ದರು, ತೆಗೆಯಲು ಇನ್ನೂ ಇಪ್ಪತ್ತು ದಿನ ಇತ್ತು. ಮೇಲೆ ಹೊದಿಸಿದ್ದ ನೀಲಿ ಶೀಟು ಎಲ್ಲೋ ನೋಡಿದ ಹಾಗಿತ್ತು. ‘ನಿಮ್ಮ ಅಜೋಲಾದ್ದೇ ಸಾರ್’ ಅಂದರು ಆ ಎಚ್‌ಎಫ್ ಹಸುವಿನವರು, ‘ಶೀಟು ಮಾತ್ರ ಒಳ್ಳೇದು ಕೊಡ್ಸಿದ್ರಿ.’