ಚಟ್ಟದ ಮೇಲೆ ಏನಿದೆ, ಮೊದಲು ಅದನ್ನು ನೋಡಿ

ಅಂತ್ಯಕ್ರಿಯೆಗೆ ಅಂತ ಈಚೆಗೆ ನನಗೆ ಫೋನು ಮಾಡಿದವರ ಮೊದಲ ಪ್ರಶ್ನೆ ಒಂದೇ. "ಕರೆಂಟಿನದಾ, ಕಟ್ಟಿಗೆಯದಾ? ಪರಿಸರಕ್ಕೆ ಯಾವುದು ಒಳ್ಳೇದು?" ಮನೆಯಲ್ಲಿ ಹೆಣ ಇಟ್ಟುಕೊಂಡು ಇಷ್ಟು ಯೋಚಿಸುತ್ತಾರಲ್ಲ ಅಂತ ನನಗೆ ನಿಜಕ್ಕೂ ಗೌರವ ಬರುತ್ತದೆ. ವ್ಯಾನಿನ ಬಾಗಿಲು ತೆಗೆಯುವ ತನಕ ಆ ಗೌರವ ಹಾಗೇ ಇರುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬರು ಹೊರದೇಶದಿಂದ ಬರುತ್ತಿದ್ದರು. ಅಪ್ಪ ತೀರಿಕೊಂಡಿದ್ದರು. ವಿಮಾನ ನಿಲ್ದಾಣದಿಂದಲೇ ಅರ್ಧ ಗಂಟೆ ನನಗೆ ಪಾಠ ಮಾಡಿದರು. ಒಂದು ಕಡ್ಡಿ ಕಟ್ಟಿಗೆಯನ್ನೂ ಸುಡಬಾರದು, ಅಪ್ಪ ಜೀವಮಾನವೆಲ್ಲ ಗಿಡ ನೆಟ್ಟವರು. ಸರಿ ಸಾರ್ ಅಂದೆ. ಮರುದಿನ ಚಿತಾಗಾರದ ಮುಂದೆ ಇಳಿಸಿದಾಗ ಅಪ್ಪನ ಮೇಲೆ ಹದಿನಾಲ್ಕು ಶಾಲು. ಎಲ್ಲವೂ ಸನ್ಮಾನದ ಸಭೆಯಲ್ಲಿ ಹೊದಿಸುತ್ತಾರಲ್ಲ, ಅಂಥ ಜರಿ ಅಂಚಿನ ಪಾಲಿಯೆಸ್ಟರ್. ತಲೆ ಕೆಳಗೆ ಸ್ಪಂಜಿನ ದಿಂಬು. ಮೈ ಕೆಳಗೆ ಪ್ಲಾಸ್ಟಿಕ್ ಹಾಳೆ. ಸುತ್ತ ಥರ್ಮೋಕೋಲಿಗೆ ಚುಚ್ಚಿದ ಸೇವಂತಿಗೆ. ಎದೆಯ ಮೇಲೆ ಹಳೇ ಟ್ರಾನ್ಸಿಸ್ಟರ್ ರೇಡಿಯೋ, ಒಳಗೆ ಮೂರು ಸೆಲ್ಲು.

"ಅಪ್ಪ ದಿನಾ ವಾರ್ತೆ ಕೇಳ್ತಿದ್ರು. ಇರಲಿ ಬಿಡಿ, ಹೇಗೂ ಸುಟ್ಟು ಹೋಗುತ್ತಲ್ಲ."

ಈ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತು ಇದೊಂದನ್ನೇ ಬರೆಯುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾವು ಮೇದಾರರು, ಬಿದಿರಿನ ಕೆಲಸದವರು. ಅಪ್ಪ ಮೈಸೂರಿನಲ್ಲಿ ಮೊರ, ಬುಟ್ಟಿ, ತೊಟ್ಟಿಲು, ಚಟ್ಟ ಎಲ್ಲ ಕಟ್ಟುತ್ತಿದ್ದರು. ನಾನು ಚಟ್ಟದಿಂದ ಶುರು ಮಾಡಿ ಈಗ ವ್ಯಾನು, ಫ್ರೀಜರ್ ಪೆಟ್ಟಿಗೆ, ಚಿತಾಗಾರದ ಬುಕಿಂಗು, ಅಸ್ಥಿ ತೆಗೆಸಿಕೊಡುವ ತನಕ ಎಲ್ಲ ನೋಡಿಕೊಳ್ಳುತ್ತೇನೆ. ಅಪ್ಪನ ಕಾಲದ ಚಟ್ಟದಲ್ಲಿ ಏನಿತ್ತು? ಎರಡು ಗಳ, ಅಡ್ಡ ದಬ್ಬೆ, ತೆಂಗಿನ ಗರಿ, ಕಟ್ಟಲು ತೆಂಗಿನ ನಾರಿನ ಹಗ್ಗ. ಒಂದು ಮೊಳೆ ಇರಲಿಲ್ಲ. ಈಗ ಹಗ್ಗ ಅಂದರೆ ನೈಲಾನು.

ಸುಟ್ಟ ವಸ್ತು ಮಾಯವಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಕಣ್ಣಿಗೆ ಕಾಣದ ಕಡೆ ಹೋಗುತ್ತದೆ, ಅಷ್ಟೇ. ವಿದ್ಯುತ್ ಕುಲುಮೆಯ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಡೆಯೆಲ್ಲ ಬೆಂಕಿ ಇಟ್ಟಿಗೆ. ಕಾಯಿಲ್ ಅದನ್ನು ಆರುನೂರು, ಎಂಟುನೂರು ಡಿಗ್ರಿಗೆ ಕಾಯಿಸಿರುತ್ತದೆ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಹಾಗಾಗಿ ದೇಹ ನಿಧಾನವಾಗಿ, ಒಂದು ಒಂದೂವರೆ ಗಂಟೆಯಲ್ಲಿ ಸುಡುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದು ಪೆಟ್ರೋಲಿಯಮ್ಮಿನ ಮೊಮ್ಮಗು. ಒಳಗೆ ಹೋದ ನಿಮಿಷಕ್ಕೇ ಭಗ್ ಅನ್ನುತ್ತದೆ. ಹದಿನಾಲ್ಕು ಶಾಲು ಒಟ್ಟಿಗೆ ಹೊತ್ತಿಕೊಂಡರೆ ಅಷ್ಟಕ್ಕೂ ಒಂದೇ ಸಲ ಗಾಳಿ ಬೇಕು. ಅಷ್ಟು ಗಾಳಿ ಒಳಗಿರುವುದಿಲ್ಲ. ಅರ್ಧ ಬೆಂದದ್ದು ಮಸಿಯಾಗಿ ಚಿಮಣಿ ಹತ್ತುತ್ತದೆ. ಕಪ್ಪು ಹೊಗೆ ಕಂಡರೆ ಜನ "ಕುಲುಮೆ ಕೆಟ್ಟಿದೆ" ಅನ್ನುತ್ತಾರೆ. ಕೆಲವು ಸಲ ಅದೂ ನಿಜ ಇರಬಹುದು. ಆದರೆ ಮೊದಲ ಹತ್ತು ನಿಮಿಷದ ಹೊಗೆ ಬಹುಪಾಲು ಬಟ್ಟೆಯದು, ದಿಂಬಿನದು.

ಪ್ಲಾಸ್ಟಿಕ್ ಹಾಳೆ ಇನ್ನೂ ಕೆಟ್ಟದ್ದು. ಪಿವಿಸಿ ಅನ್ನುವ ಜಾತಿಯ ಪ್ಲಾಸ್ಟಿಕ್ ಆದರೆ ಅದರೊಳಗೆ ಕ್ಲೋರಿನ್ ಇರುತ್ತದೆ. ಸುಟ್ಟಾಗ ಆಮ್ಲದ ಗಾಳಿ ಬರುತ್ತದೆ, ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟಬಹುದು. ಹೊಗೆಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್ ಕೆಲವು ಕಡೆ ಚೆನ್ನಾಗಿರುತ್ತದೆ, ಕೆಲವು ಕಡೆ ಹೆಸರಿಗೆ ಇರುತ್ತದೆ. ಅದರ ಮೇಲೆ ಭಾರ ಹಾಕಿ ಕೂರಬೇಡಿ. ಒಂದು ಎಚ್ಚರಿಕೆ: ಸೋಂಕಿನ ಕಾಯಿಲೆಯಿಂದ ಹೋದವರನ್ನು ಆಸ್ಪತ್ರೆಯವರು ಚೀಲದಲ್ಲಿ ಕಟ್ಟಿ, ತೆಗೆಯಬೇಡಿ ಅಂದಿದ್ದರೆ ತೆಗೆಯಲೇಬೇಡಿ. ಅಲ್ಲಿ ನನ್ನ ಮಾತು ನಡೆಯುವುದಿಲ್ಲ, ವೈದ್ಯರ ಮಾತೇ ಕೊನೆ.

ಹಾಗಾದರೆ ಕಟ್ಟಿಗೆಯಲ್ಲಿ? ಅಲ್ಲೂ ಇದೇ ಕತೆ. ಬಯಲು ಚಿತೆಗೆ ಸಾಮಾನ್ಯವಾಗಿ 400ರಿಂದ 500 ಕೆಜಿ ಕಟ್ಟಿಗೆ ಬೇಕು. ಕಬ್ಬಿಣದ ಜಾಲರಿ, ಮೇಲೆ ಹೊಗೆಗೂಡು ಇರುವ ಸುಧಾರಿತ ಚಿತೆಯಾದರೆ 150ರಿಂದ 200 ಕೆಜಿಯಲ್ಲಿ ಮುಗಿಯುತ್ತದೆ. ಊರ ಕಡೆ ಹಿರಿಯರು ಹೋದ ಬೆಳಿಗ್ಗೆಯೇ ತೋಟದ ಮಾವಿನ ಮರಕ್ಕೆ ಕೊಡಲಿ ಹಾಕುತ್ತಾರೆ. ಹಸಿ ಮರ ಉರಿಯುವುದಕ್ಕೆ ಬದಲು ಹೊಗೆಯುತ್ತದೆ. ಆಮೇಲೆ ಡೀಸೆಲ್ಲು, ಟೈರು. ಒಣಗಿದ ಕಟ್ಟಿಗೆ, ತೆಂಗಿನ ಚಿಪ್ಪು, ಬೆರಣಿ ಇದ್ದರೆ ಆ ಮರ ಉಳಿಯುತ್ತಿತ್ತು. ಚಿತೆಯ ಅಂಚಿನಲ್ಲಿ ಕಾವು ಕಮ್ಮಿ. ನೈಲಾನು ಅಲ್ಲಿ ಸುಡದೆ ಕರಗಿ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ಮೂರನೇ ದಿನ ಅಸ್ಥಿ ಆರಿಸುವಾಗ ಮಕ್ಕಳು ಅದನ್ನು ಮೂಳೆ ಅಂದುಕೊಂಡು ಮಡಕೆಗೆ ಹಾಕಿದ್ದನ್ನು ನೋಡಿದ್ದೇನೆ. ನಾನು ಸುಮ್ನೆ ಕೈ ಹಾಕಿ ತೆಗೆದು ಪಕ್ಕಕ್ಕೆ ಎಸೆದೆ. ಆ ಹೊತ್ತಿನಲ್ಲಿ ಯಾರಿಗೆ ಏನು ಹೇಳೋದು?

ಕರೆಂಟು ಒಳ್ಳೇದೋ ಕಟ್ಟಿಗೆ ಒಳ್ಳೇದೋ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಊರಲ್ಲಿ ಚೆನ್ನಾಗಿ ನಡೆಯುವ, ದಿನವೂ ಬಿಸಿ ಇರುವ ಕುಲುಮೆ ಇದ್ದರೆ ಕರೆಂಟು. ಒಂದೇ ದೇಹಕ್ಕಾಗಿ ತಣ್ಣನೆಯ ಕುಲುಮೆಯನ್ನು ಕಾಯಿಸಲು ಗಂಟೆಗಟ್ಟಲೆ ವಿದ್ಯುತ್ ಬೇಕು, ಆಗ ಲಾಭ ಅಷ್ಟಿಲ್ಲ. ನಮ್ಮಲ್ಲಿ ಬಹಳ ಜನ ವಿದ್ಯುತ್ ಚಿತಾಗಾರವನ್ನು ಪಟ್ಟಣದವರ ಅನುಕೂಲ ಅಂದುಕೊಂಡಿದ್ದಾರೆ. ಅಷ್ಟೇ ಅಲ್ಲ. ಗಂಗೆಯನ್ನು ಚೊಕ್ಕ ಮಾಡಲು 1986ರಲ್ಲಿ ಶುರುವಾದ ಗಂಗಾ ಕ್ರಿಯಾ ಯೋಜನೆಯಲ್ಲಿ ನದಿ ದಡದಲ್ಲಿ ವಿದ್ಯುತ್ ಚಿತಾಗಾರ ಕಟ್ಟುವುದೂ ಸೇರಿತ್ತು. ಅರೆಬೆಂದ ದೇಹಗಳು ನೀರಿಗೆ ಬೀಳಬಾರದು ಅಂತ.

ಬಟ್ಟೆ ಯಾವುದು ಅಂತ ಗೊತ್ತಾಗದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತೆ ಬೆರಳಿಗೆ ಸಿಗುತ್ತದೆ. ರೇಷ್ಮೆ ಅಂತ ದುಡ್ಡು ಕೊಟ್ಟು ತಂದ ಎಷ್ಟು ಸೀರೆಗಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಮಣಿಯಾಗಿವೆಯೋ.

ಇನ್ನೊಂದು ವಿಷಯ, ಇದಕ್ಕೆ ಬೈಸಿಕೊಂಡರೂ ಪರವಾಗಿಲ್ಲ ಅಂತ ಕೇಳುತ್ತೇನೆ: "ಎದೆಯಲ್ಲಿ ಪೇಸ್‌ಮೇಕರ್ ಇತ್ತಾ?" ಹೃದಯದ ಬಡಿತ ಸರಿಯಾಗಿಡುವ ಆ ಸಣ್ಣ ಯಂತ್ರದ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುತ್ತದೆ. ಇಟ್ಟಿಗೆ ಒಡೆಯಬಹುದು, ಬಾಗಿಲ ಹತ್ತಿರ ನಿಂತ ಕೆಲಸದವನಿಗೂ ಅಪಾಯ. ಚರ್ಮದ ಕೆಳಗೇ ಇರುತ್ತದೆ, ಆಸ್ಪತ್ರೆ ಬಿಡುವ ಮೊದಲೇ ಹೇಳಿದರೆ ತೆಗೆದುಕೊಡುತ್ತಾರೆ. ಹೂಳುವುದಾದರೂ ತೆಗೆಸುವುದೇ ಮೇಲು. ರೇಡಿಯೋದ ಸೆಲ್ಲಿಗೂ ಇದೇ ಮಾತು. ಅವತ್ತು ಆ ಮಗ ಸೆಲ್ಲು ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ನಿಂತು, ರೇಡಿಯೋವನ್ನೂ ತೆಗೆದುಕೊಂಡರು.

ಹೂಳುವವರ ಕಡೆಗೆ ಬರೋಣ. ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಿನಲ್ಲಿ 1993ರಲ್ಲಿ 'ಸಹಜ ಸಮಾಧಿ'ಯ ಜಾಗ ಶುರು ಮಾಡಿದರು. ಕೊಳೆಯುವ ಬಟ್ಟೆ, ರಾಸಾಯನಿಕ ಇಲ್ಲ, ಕಲ್ಲಿನ ಬದಲು ಮರ. ಇದನ್ನು ಹೊಸದು ಅಂತ ನನಗೆ ಮೊಬೈಲಿನಲ್ಲಿ ತೋರಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಲಿಂಗಾಯತರು ತಮ್ಮ ಹೊಲದ ಮೂಲೆಯಲ್ಲೇ ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತಿದ್ದದ್ದು ಮತ್ತೇನು? ಪೆಟ್ಟಿಗೆ ಇಲ್ಲ. ಮುಸ್ಲಿಮರ ಕಫನ್ ಗಂಡಸರಿಗೆ ಮೂರು ತುಂಡು, ಹೆಂಗಸರಿಗೆ ಐದು, ಸಾದಾ ಬಿಳಿ ಬಟ್ಟೆ. ಆದರೆ ಈಗ ಹೆಣ ಕೂರಿಸಿ ಒಯ್ಯುವ ಅಲಂಕಾರದ ಮಂಟಪ, ಅಂದರೆ 'ವಿಮಾನ', ಕಟ್ಟುವುದಕ್ಕೆ ಬಾಳೆಕಂದು, ಹೂವಿನ ಜೊತೆ ಮಿನುಗು ಕಾಗದ, ಥರ್ಮೋಕೋಲು ಬಂದಿವೆ. ಹೂತ ಮೇಲೆ ಸಿಮೆಂಟಿನ ಗೂಡು, ಗ್ರಾನೈಟು. ಗುರುತಿಗೆ ಒಂದು ಕಲ್ಲು ನೆಡುವುದನ್ನು ನಾನು ಬೇಡ ಅನ್ನುವುದಿಲ್ಲ. ನಾಲ್ಕೂ ಕಡೆ ಕಾಂಕ್ರೀಟ್ ಸುರಿದು ಅಪ್ಪನನ್ನು ಮಣ್ಣಿಗೇ ತಾಗದಂತೆ ಇಟ್ಟರೆ ಅದು ಮಣ್ಣು ಮಾಡುವುದು ಹೇಗಾಗುತ್ತದೆ?

ಎಂಬಾಮಿಂಗ್, ಅಂದರೆ ಹೆಣ ಕೆಡದಂತೆ ಫಾರ್ಮಲಿನ್‌ನಂಥ ರಾಸಾಯನಿಕ ತುಂಬಿಸುವುದು, ಅದರ ಬಗ್ಗೆಯೂ ಕೇಳುತ್ತಾರೆ. ವಿಮಾನದಲ್ಲಿ ಕಳಿಸುವುದಿದ್ದರೆ ಬೇಕಾಗುತ್ತದೆ. ಮಕ್ಕಳು ಬರಲಿ ಅಂತ ಒಂದೆರಡು ದಿನ ಕಾಯುವುದಕ್ಕೆ ಫ್ರೀಜರ್ ಪೆಟ್ಟಿಗೆ ಸಾಕು, ಫಾರ್ಮಲಿನ್ ಬೇಡ. ಅಮೆರಿಕದಿಂದ ಬಂದವರು ದೇಹವನ್ನು ಗೊಬ್ಬರ ಮಾಡುವುದರ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿನ ವಾಷಿಂಗ್ಟನ್ ರಾಜ್ಯ 2019ರಲ್ಲಿ ಅದಕ್ಕೆ ಕಾನೂನು ಮಾಡಿತು. ನನ್ನ ಹತ್ತಿರ ಆ ವ್ಯವಸ್ಥೆ ಇಲ್ಲ. ಅಂಥವರಿಗೆ ನಾನು ಮೊದಲು ಕೇಳುವುದು ಕಣ್ಣಿನ ದಾನದ ಬಗ್ಗೆ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ತಕ್ಷಣ ನೇತ್ರ ಬ್ಯಾಂಕಿಗೆ ಫೋನು ಮಾಡಿ. ಅವರು ಬರುವ ತನಕ ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ.

ಬೂದಿಯಲ್ಲಿ ಗಿಡ ನೆಡುವ ಆಸೆಯೂ ಈಗ ಜಾಸ್ತಿ. ಒಳ್ಳೆಯ ಆಸೆ. ಆದರೆ ಮೂಳೆಯ ಬೂದಿಯಲ್ಲಿ ಸುಣ್ಣ, ಉಪ್ಪಿನಂಶ ಹೆಚ್ಚು. ಗುಂಡಿಗೆ ಪೂರ್ತಿ ಸುರಿದು ಮೇಲೆ ಸಂಪಿಗೆ ಸಸಿ ಇಟ್ಟರೆ ತಿಂಗಳಲ್ಲಿ ಎಲೆ ಅಂಚು ಕಂದಾಗುತ್ತದೆ. ಸಸಿ ಸತ್ತ ದಿನ ಮನೆಯವರು ಎರಡನೇ ಸಲ ಅಳುತ್ತಾರೆ, ಅದೂ ನನಗೇ ಫೋನು ಮಾಡಿ. ಒಂದು ಹಿಡಿ ಸಾಕು, ಅದನ್ನೂ ಬುಟ್ಟಿಗಟ್ಟಲೆ ಮಣ್ಣು, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ. ಉಳಿದದ್ದನ್ನು ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಗೆ ಒಯ್ಯುವವರು ಮಡಕೆಯಿಂದ ಬೂದಿಯನ್ನಷ್ಟೇ ನೀರಿಗೆ ಬಿಡಿ. ಕವರು, ಬಟ್ಟೆ, ಹಾರ ವಾಪಸ್ಸು ತನ್ನಿ.

ನನ್ನ ಅಂಗಡಿಯ ಕಪಾಟಿನಲ್ಲಿ ಒಂದು ಹತ್ತಿ ಸೀರೆ ಇತ್ತು. ನಿವೃತ್ತ ಟೀಚರೊಬ್ಬರು ಆರು ವರ್ಷದ ಹಿಂದೆ ತಂದುಕೊಟ್ಟದ್ದು. ಮೊರದ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೊಂದೇ ಹೇಳಿ ಬರೆಸಿದರು. ನಾರಿನ ಹಗ್ಗ, ಬಾಳೆನಾರಿನಲ್ಲಿ ಕಟ್ಟಿದ ಹೂವು, ಶಾಲು ತಂದವರಿಗೆ ಕೈಮುಗಿದು ವಾಪಸ್ಸು ಕೊಡುವುದು. "ಹೊಸ ಸೀರೆ ಉಡಿಸಬೇಡಪ್ಪ, ದಂಡ. ಇದನ್ನೇ ಉಡಿಸು, ಉಟ್ಟು ಉಟ್ಟು ಮೆತ್ತಗಾಗಿದೆ." ಪ್ರತಿ ಯುಗಾದಿಗೆ ಬಂದು ಇಲಿ ಕಡಿದಿಲ್ಲ ತಾನೇ ಅಂತ ನೋಡಿಕೊಂಡು ಹೋಗುತ್ತಾರೆ. ಹೋದ ತಿಂಗಳು ಯುಗಾದಿ ಅಲ್ಲದಿದ್ದರೂ ಬಂದರು. ಮರಿಮಗಳ ನಾಮಕರಣವಂತೆ, ಈ ಬಣ್ಣ ಅವರ ಸೊಸೆಗೆ ಇಷ್ಟವಂತೆ.

"ಒಂದು ದಿನಕ್ಕೆ ಕೊಡು. ಒಗೆದು ತಂದುಕೊಡ್ತೀನಿ" ಅಂದರು. ಇನ್ನೂ ತಂದುಕೊಟ್ಟಿಲ್ಲ. ನಾನೂ ಕೇಳಿಲ್ಲ.